ಹನ್ನೊಂದು ತಿಂಗಳು

ಮಗಳ ಫೈಲಿನ ಮೇಲೆ ಗುಮಾಸ್ತ ಅಡ್ಡಗೆರೆ ಎಳೆದಾಗ ಅವನ ಕೈ ಮುರಿಯಬೇಕು ಅನ್ನಿಸಿತು.

"ಹದಿನೆಂಟು ತುಂಬಿತಲ್ಲ ಯಜಮಾನ್ರೇ. ಇನ್ನು ಮಕ್ಕಳ ವಿಭಾಗದಲ್ಲಿ ನೋಡೋ ಹಾಗಿಲ್ಲ. ದೊಡ್ಡೋರ ವಿಭಾಗಕ್ಕೆ ಹೋಗಿ. ಹೊಸ ಚೀಟಿ, ಹೊಸ ಡಾಕ್ಟ್ರು. ಸರದಿ ಬರೋಕೆ ಏಳು ತಿಂಗಳು."

"ಅಲ್ಲೀವರೆಗೆ ಅವಳೇನು ಮಾಡ್ಬೇಕು?"

"ನಿಯಮ ಬರೆದೋನು ನಾನಲ್ಲ."

ಹೋದ ವರ್ಷ ಮಗಳು ಮೊದಲು ಊಟ ಬಿಟ್ಟಳು, ಆಮೇಲೆ ಕಾಲೇಜು, ಕೊನೆಗೆ ಮಾತು. ನಮ್ಮಕ್ಕ "ಕೊಬ್ಬು" ಅಂದಳು. ನಾನೂ ಹಾಗೇ ತಿಳಿದು ಎರಡೇಟು ಹಾಕಿದ್ದೆ. ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಆಪ್ತ ಸಲಹೆ ಕೊಡುವ ಮೇಡಂ ಅವಳನ್ನು ಪ್ರತಿ ಬುಧವಾರ ಕೂರಿಸಿಕೊಂಡರು. ನಾಲ್ಕು ತಿಂಗಳು ಇವಳು ನೆಲ ನೋಡಿದಳು. ಐದನೇ ತಿಂಗಳು ಬಾಯಿ ಬಿಟ್ಟಳು. ಮನೆಯಲ್ಲೂ ಒಂದೊಂದು ಮಾತಾಡತೊಡಗಿದಳು. ಅಷ್ಟರಲ್ಲಿ ಈ ಗೆರೆ. ಮತ್ತೆ ಬಾಗಿಲು ಹಾಕಿಕೊಂಡಳು.

ನನ್ನ ಗಂಟಲಲ್ಲಿ ಬೇರೊಂದು ಮುಳ್ಳಿತ್ತು. ಅವಳಿಗೆ ಹದಿನೆಂಟು ತುಂಬಿರಲೇ ಇಲ್ಲ. ಸಣ್ಣವಳಿದ್ದಾಗ ಇವಳನ್ನು ಮನೆಯಲ್ಲಿ ನೋಡಿಕೊಳ್ಳುವವರಿರಲಿಲ್ಲ, ಹೆಂಡತಿ ಹೊಲಿಗೆ ಕಾರ್ಖಾನೆಗೆ ಹೋಗಬೇಕಿತ್ತು. ಅದಕ್ಕೆ ವಯಸ್ಸು ಹನ್ನೊಂದು ತಿಂಗಳು ಹೆಚ್ಚು ಬರೆಸಿ ಶಾಲೆಗೆ ಸೇರಿಸಿದ್ದೆ. ನಾನು ಹೇಳಿದ ತಾರೀಖನ್ನು ಹೆಡ್‌ಮಾಸ್ತರು ಬರೆದುಕೊಂಡರು, ಅಷ್ಟೆ. ನಮ್ಮ ಓಣಿಯಲ್ಲಿ ಹಿಂದೆಯೂ ಒಂದಿಬ್ಬರು ಮಕ್ಕಳು ಹಾಗೇ ಸೇರಿದ್ದರು. ಮನೆಯಲ್ಲಿ ಹುಟ್ಟಿದ ದಿನ ಮಾಡುವ ರೂಢಿಯಿಲ್ಲ. ಕಾಗದದಲ್ಲಿ ಇದ್ದದ್ದನ್ನೇ ಅವಳೂ ನಂಬಿದ್ದಳು.

ಅದೇ ಹೊತ್ತಿಗೆ ಸರ್ಕಾರ ಹೊಸ ಕಾಯ್ದೆಯ ಕರಡು ತಂದಿತು. ಮನಸ್ಸಿನ ತೊಂದರೆಯ ಮಕ್ಕಳನ್ನು ಇಪ್ಪತ್ತೈದು ತುಂಬುವವರೆಗೂ ಒಂದೇ ಕಡೆ, ಒಬ್ಬರೇ ನೋಡಬೇಕಂತೆ. ಆದರೆ ಜಾರಿಗೆ ಬರುವ ದಿನ ಹದಿನೆಂಟು ದಾಟಿದವರಿಗೆ ಇಲ್ಲವಂತೆ. ಜನರ ಅಭಿಪ್ರಾಯ ಕೇಳಲು ಸಮಿತಿ ಬಂತು. ಮೇಡಂ ಅವರೇ ಫೋನ್ ಮಾಡಿ, "ಮಗಳನ್ನೂ ಕರ್ಕೊಂಡು ಹೋಗಿ ಮಾತಾಡಿ" ಅಂದರು.

ಮೇಜಿನ ಹಿಂದೆ ನಾಲ್ಕು ಜನ, ಅವರ ಮುಂದೆ ಬಾರಿಸಲು ಒಂದು ಪುಟ್ಟ ಗಂಟೆ. ಒಬ್ಬೊಬ್ಬರಿಗೆ ಮೂರು ನಿಮಿಷ.

"ಸ್ವಾಮೀ, ನಾನು ಲಾರಿ ಮೆಕ್ಯಾನಿಕ್. ಇಂಜಿನ್ ಬಿಚ್ಚಿ, ಅರ್ಧ ಜೋಡಿಸಿ, ಗಾಡಿಗೆ ಇವತ್ತು ಹತ್ತು ವರ್ಷ ತುಂಬಿತು, ಉಳಿದದ್ದು ಪಕ್ಕದ ಶೆಡ್ಡಿನವನು ಮಾಡ್ಲಿ ಅಂತ ಕೈ ತೊಳ್ಕೊಂಡ್ರೆ ಮಾಲೀಕ ಸುಮ್ನೆ ಬಿಡ್ತಾನಾ? ಸ್ಪ್ಯಾನರ್ ತಗೊಂಡು ಅಟ್ಟಿಸ್ಕೊಂಡು ಬರ್ತಾನೆ."

ಸಭೆ ನಕ್ಕಿತು. ಅಧ್ಯಕ್ಷರೂ ನಕ್ಕರು. "ನಿಮ್ಮ ನೋವು ಅರ್ಥವಾಗುತ್ತೆ. ಆದ್ರೆ ಎಲ್ಲೋ ಒಂದು ಕಡೆ ವಯಸ್ಸು ಅಂತ ಗೊತ್ತು ಮಾಡ್ಲೇಬೇಕಲ್ಲ?"

ಆ ನಗು ನೋಡಿ ನನ್ನ ತಲೆ ಕೆಟ್ಟಿತು.

"ನೀವು ಗೊತ್ತು ಮಾಡಿರೋ ವಯಸ್ಸೇ ಅವಳಿಗಿನ್ನೂ ಆಗಿಲ್ಲ! ಶಾಲೆಗೆ ಸೇರಿಸೋವಾಗ ಹನ್ನೊಂದು ತಿಂಗಳು ನಾನೇ ಸೇರಿಸಿ ಬರೆಸಿದ್ದೆ!"

ಕಾನೂನು ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು. "ಕೋರ್ಟಿಂದ ತಿದ್ದುಪಡಿ ತನ್ನಿ. ವರ್ಷ, ಒಂದೂವರೆ ವರ್ಷ ಹಿಡೀಬಹುದು."

"ಅಷ್ಟರಲ್ಲಿ ನಿಜವಾಗ್ಲೂ ಹದಿನೆಂಟು ದಾಟುತ್ತೆ."

"ಅದನ್ನೂ ಬರೆದು ಕೊಡಿ. ಮೂರು ಪ್ರತಿ."

ಗಂಟೆ ಬಾರಿಸಿದರು.

ಹೊರಗೆ ಮೆಟ್ಟಿಲ ಮೇಲೆ ಮಗಳು ನಿಂತುಬಿಟ್ಟಳು. ತಿಂಗಳಾದ ಮೇಲೆ ಅವಳ ದನಿ ಕೇಳಿದೆ.

"ಅಪ್ಪಾ, ಕ್ಲಾಸಲ್ಲಿ ನಾನು ಎಲ್ರಿಗಿಂತ ಒಂದು ವರ್ಷ ಚಿಕ್ಕೋಳಾ?"

"ಹೂಂ."

"ಒಂದನೇ ಕ್ಲಾಸಿಂದ?"

"ಹೂಂ ಕಣಮ್ಮ."

"ಲೆಕ್ಕ ಬರ್ಲಿಲ್ಲ ಅಂತ ಬೆಲ್ಟಲ್ಲಿ ಹೊಡೀತಿದ್ದೆಯಲ್ಲ? ಪಕ್ಕದ್ಮನೆ ಹುಡುಗಿ ಕಾಲ ಕೆಳಗೆ ನುಸಿ, ದಡ್ಡ ಮುಂಡೇದೇ ಅಂತಿದ್ದೆಯಲ್ಲ? ನಾನೂ ಅದನ್ನೇ ನಂಬಿದ್ದೆ ಅಪ್ಪಾ. ನನ್ನ ತಲೇಲಿ ಏನೋ ಕೊರತೆ ಇದೆ ಅಂತಾನೇ ಅಂದ್ಕೊಂಡಿದ್ದೆ."

ನಾನು ಅವಳ ತಲೆ ಸವರಲು ಕೈ ಚಾಚಿದೆ, ಅವಳು ಒಂದು ಮೆಟ್ಟಿಲು ಹಿಂದೆ ಸರಿದಳು.

"ಮೇಡಂ ಹತ್ರ ಕರ್ಕೊಂಡು ಹೋಗು. ಇದನ್ನ ಅವರಿಗೆ ಹೇಳ್ಬೇಕು. ನಿಂಗಲ್ಲ."

ಕರೆದುಕೊಂಡು ಹೋದೆ. ಮೇಡಂ ಬಾಗಿಲಲ್ಲೇ ತಡೆದರು. ಅವರ ಮುಖ ಬಾಡಿತ್ತು.

"ಮರೀ, ಒಳಗೆ ಕರೆಯೋ ಹಾಗಿಲ್ಲ. ನಿನ್ನ ಹಾಗೇ ಫೈಲು ಮುಗಿದ ಇನ್ನೊಬ್ಬ ಹುಡುಗೀನ ಹೊರಗೆ ಕೂರಿಸಿ ಮಾತಾಡಿಸಿದ್ದಕ್ಕೇ ನಂಗೆ ನೋಟಿಸ್ ಬಂದಿದೆ. ದೊಡ್ಡೋರ ವಿಭಾಗದಲ್ಲಿ ಸರದಿ ಬಂದಾಗ ಅಲ್ಲಿಯವರಿಗೆ ಹೇಳ್ತೀಯಾ?"

ಮಗಳು ತಿರುಗಿ ಹೊರಗೆ ನಡೆದಳು. ಬಸ್ಸಿನಲ್ಲಿ ನನ್ನಿಂದ ದೂರ ಕೂತಳು.

ಮರುದಿನ ಕೋರ್ಟಿನ ಮುಂದಿನ ಟೈಪಿಸ್ಟನ ಹತ್ತಿರ ಹೋದೆ.

"ತಾರೀಖು ತಪ್ಪಾಗಿದ್ದಕ್ಕೆ ಕಾರಣ? ತಿಳಿಯದೆ ಆದ ತಪ್ಪು ಅಂತ ಹಾಕ್ತೀನಿ."

"ತಿಳಿದೇ ಮಾಡಿದ್ದು. ಹಾಗೇ ಹಾಕು."

"ಹಾಗೆ ಹಾಕಿದ್ರೆ ಅರ್ಜಿ ನಿಲ್ಲಲ್ಲ ಅಣ್ಣಾ. ಸತ್ಯಹರಿಶ್ಚಂದ್ರ ಆಗೋಕೆ ಇದಾ ಜಾಗ?"

ಹಾಕಿಸಿದೆ. ಸಹಿಗೆ ಪೆನ್ನು ತೆಗೆದರೆ ಅವನು ಕೈ ಹಿಡಿದ. "ನಿಮ್ಮದಲ್ಲ. ಕಾಗದದ ಪ್ರಕಾರ ಮಗಳು ದೊಡ್ಡೋಳು. ಅವಳೇ ಮಾಡ್ಬೇಕು."

ಮನೆಗೆ ಬಂದು ಅವಳ ಬಾಗಿಲು ತಟ್ಟಿದೆ. ತೆಗೆಯಲಿಲ್ಲ. ಕಾಗದವನ್ನೂ ಪೆನ್ನನ್ನೂ ಅಡಿಯಿಂದ ಒಳಗೆ ತಳ್ಳಿ, ಗೋಡೆಗೆ ಒರಗಿ ಕೂತೆ. ಒಳಗೆ ಹಾಳೆ ಮಗುಚಿದ ಸದ್ದು ಕೇಳಿತು.

"ಹದಿನೆಂಟು ತುಂಬಿದೋಳು ಅಂತ ನಾನು ಸಹಿ ಹಾಕಿದ್ರೆ ಇದೂ ಸುಳ್ಳೇ," ಅಂದಳು.

ಕಾಗದ ವಾಪಸ್ ಬಂತು. ಸಹಿ ಇರಲಿಲ್ಲ.