ಟಿಕೆಟ್ ಬೆಲೆಗೆ ಆಕಾಶದಲ್ಲಿ ಪ್ರೇಮ

ಅಗ್ಗದಲ್ಲಿ ಪ್ರೀತಿ ಮಾಡುವುದನ್ನು ಕಲಿಯಬೇಕಿದ್ದರೆ ನಮ್ಮ ಮೆಡೆಯಿನ್ ನಗರದ ವಿಲ್ಮಾರ್‌ನಿಂದ ಕಲಿಯಿರಿ ಸ್ವಾಮಿ! ಇಲ್ಲಿ ಮೆಟ್ರೋ ಟಿಕೆಟ್ಟಿನಲ್ಲೇ ಕೇಬಲ್ ಕಾರನ್ನೂ ಹತ್ತಬಹುದು. ಕಾಲಡಿಯಲ್ಲಿ ಇಡೀ ಊರು, ಒಳಗೆ ಅವನು ಮತ್ತು ಅವನ ಮನಸ್ಸು ಕದ್ದ ಯುರಾನಿ ಇಬ್ಬರೇ ಎಂಬುದು ಅವನ ಲೆಕ್ಕ. "ನನ್ನವಳಾಗ್ತೀಯಾ?" ಎಂದು ಕೇಳಲು ಇದಕ್ಕಿಂತ ಒಳ್ಳೆಯ ಜಾಗ ಯಾವ ಶ್ರೀಮಂತನಿಗೆ ಸಿಕ್ಕೀತು?

ಬಾಗಿಲು ಮುಚ್ಚುವಷ್ಟರಲ್ಲಿ ಇನ್ನೂ ಆರು ಜನ ನುಗ್ಗಿದರು. ಇಲ್ಲಿನ ರೂಢಿಯಂತೆ ಎಲ್ಲರಿಗೂ ನಮಸ್ಕಾರ ಹೇಳಿ, ಎಲ್ಲರ ಮಾತಿಗೂ ಬಾಯಿ ಹಾಕಲು ಸಜ್ಜಾಗಿ ಕೂತರು.

"ಯುರಾನಿ, ಈ ಆಕಾಶವೇ ಸಾಕ್ಷಿಯಾಗಿ..." ವಿಲ್ಮಾರ್ ಡೈಲಾಗ್ ಶುರು ಮಾಡಿದ.

"ಜೋರಾಗಿ ಹೇಳಪ್ಪಾ, ಈ ಕಡೆ ಕೇಳಿಸ್ತಿಲ್ಲ," ಎಂದಳು ಅವನ ಇನ್ನೊಂದು ಪಕ್ಕದಲ್ಲಿ ಈರುಳ್ಳಿ ಚೀಲ ಹಿಡಿದು ಕೂತ ಅಜ್ಜಿ.

"ಯಾಕೋ ಹೀರೋ, ಕಣ್ಣು ಮುಚ್ಕೊಂಡಿದೀಯಾ?" ಎಂದಳು ಯುರಾನಿ.

"ಫೀಲಿಂಗು ಕಣೇ, ಫೀಲಿಂಗು!"

ಅವಳು ಒಪ್ಪಿದಳು, ಅದು ನಿಜ. ಉಳಿದದ್ದನ್ನೂ ಹೇಳಿಬಿಡುತ್ತೇನೆ. ವಿಲ್ಮಾರ್‌ಗೆ ಎತ್ತರವೆಂದರೆ ಪ್ರಾಣಭಯ. ಕಾರು ಮೇಲೇರುತ್ತಿದ್ದಂತೆ ಅವನು ಡೈಲಾಗನ್ನು ಅರ್ಧಕ್ಕೇ ಬಿಟ್ಟು ಕಣ್ಣು ಮುಚ್ಚಿದ್ದ. ಕೊನೆಗೆ ಪ್ರಶ್ನೆ ಕೇಳಿದ್ದು ಅಜ್ಜಿ: "ಇವನನ್ನ ಒಪ್ಕೋತೀಯೇನಮ್ಮಾ?"

"ಹೂಂ ಅಜ್ಜಿ," ಎಂದಳು ಯುರಾನಿ. "ಆದ್ರೆ ಮೊದ್ಲು ಅವ್ನು ನಿಮ್ಮ ಕೈ ಬಿಡ್ಲಿ."