ಅರ್ಧ ಸಿನಿಮಾ ಕೇಳಿದ ಮೈಕು

ನಾನು ಒಂದು ಕೈಮೈಕು. ಕಾರ್ಖಾನೆಯಲ್ಲಿ ಹುಟ್ಟಿದ ಕೂಡಲೇ ಯಾರೋ ನನ್ನ ತಲೆಗೆ ಬೆರಳಿನಿಂದ ಎರಡು ಸಲ ಕುಟ್ಟಿ "ಹಲೋ, ಹಲೋ" ಎಂದರು. ಅಂದಿನಿಂದ ನನ್ನ ಪ್ರತಿಯೊಂದು ಹೊಸ ಪರಿಚಯವೂ ತಲೆಗೆ ಕುಟ್ಟಿಸಿಕೊಂಡೇ ಶುರುವಾಗಿದೆ.

ಮೊದಲು ಹುಬ್ಬಳ್ಳಿಯ ಆರ್ಕೆಸ್ಟ್ರಾ ಒಂದರಲ್ಲಿದ್ದೆ. ಅಲ್ಲಿಯ ಗಾಯಕ ನನ್ನನ್ನು ಬಾಯಿಗೆ ಎಷ್ಟು ಹತ್ತಿರ ಹಿಡಿಯುತ್ತಿದ್ದನೆಂದರೆ, ಹಾಡು ಯಾವುದೆಂದು ತಿಳಿಯುವ ಮೊದಲೇ ಅವನು ಉಂಡದ್ದೇನೆಂದು ನನಗೆ ತಿಳಿಯುತ್ತಿತ್ತು. ಆರ್ಕೆಸ್ಟ್ರಾ ಮುರಿದು ಬಿದ್ದ ಮೇಲೆ ಗದಗಿನ ಕಲ್ಯಾಣಮಂಟಪಕ್ಕೆ ಬಂದೆ. "ಎರಡನೇ ಪಂಕ್ತಿಯವರು ಊಟಕ್ಕೆ ಬರಬೇಕು" ಎಂದು ಸಾರುತ್ತ ಆರು ವರ್ಷ ಕಳೆದೆ. ಆಮೇಲೆ ಈರಣ್ಣ ಹೂಗಾರನ ಕೈ ಸೇರಿದೆ.

ಈರಣ್ಣ ಮೊಬೈಲಿನಲ್ಲಿ 'ಮೊದಲ ಶೋ' ಎಂಬ ಚಾನೆಲ್ ನಡೆಸುತ್ತಿದ್ದ. ಶುಕ್ರವಾರ ಬಂದ ಹೊಸ ಸಿನಿಮಾದ ಬಗ್ಗೆ ಊರಿಗೆಲ್ಲ ಮೊದಲು ಅಭಿಪ್ರಾಯ ಹೇಳುವವನು ತಾನೇ ಆಗಬೇಕೆಂಬುದು ಅವನ ಹಟ. ಅದಕ್ಕೊಂದು ಉಪಾಯ ಮಾಡಿಕೊಂಡಿದ್ದ. ಇಂಟರ್ವಲ್ ಗಂಟೆ ಹೊಡೆದ ಕೂಡಲೇ ನನ್ನನ್ನು ಚೀಲದಿಂದ ತೆಗೆದು, ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತು, ಇಡೀ ಸಿನಿಮಾದ ವಿಮರ್ಶೆ ಮಾಡಿ, ಚಾನೆಲ್ಲಿಗೆ ಹಾಕಿ ಮುಗಿಸುತ್ತಿದ್ದ. ಉಳಿದರ್ಧವನ್ನು ಅನುಭವದಿಂದ ಊಹಿಸುತ್ತಿದ್ದ. ಊಹೆ ತಪ್ಪಿದ್ದೂ ಅಪರೂಪ. ನಮ್ಮ ಸಿನಿಮಾದವರ ಸಹಕಾರ ಅಷ್ಟಿತ್ತು.

ಹೀಗಾಗಿ ನಾನು ನೂರಾರು ಸಿನಿಮಾ ಕೇಳಿದ್ದೇನೆ, ಆದರೆ ಒಂದರ ಕೊನೆಯೂ ನನಗೆ ಗೊತ್ತಿರಲಿಲ್ಲ. ಹೀರೋ ನಡೆದು ಬರುವುದಕ್ಕೆ ಅಷ್ಟು ಸದ್ದು ಯಾಕೆ ಬೇಕೆಂಬುದು ಸದ್ದಿನ ಕಸುಬಿನಲ್ಲೇ ಇರುವ ನನಗೂ ತಿಳಿದಿಲ್ಲ. ಜನರ ಮಾತು ಮಾತ್ರ ತಿಳಿಯುತ್ತಿತ್ತು. "ಒಮ್ಮೆ ನೋಡಬಹುದ್ರಿ" ಎಂದರೆ ನೋಡಬೇಡಿ ಎಂದರ್ಥ. "ಮನಿ ಮಂದಿ ಎಲ್ಲಾ ಕೂಡಿ ನೋಡಬಹುದ್ರಿ" ಎಂದರೆ ಹೇಳುವವನು ನಿದ್ದೆ ಮಾಡಿದ್ದಾನೆ.

ಆ ಶುಕ್ರವಾರದ ಸಿನಿಮಾದಲ್ಲಿ ನಮ್ಮೂರಿನ ರುಕ್ಮಾಬಾಯಿ ತಾಯಿಯ ಪಾತ್ರ ಮಾಡಿದ್ದರು. ನಲವತ್ತು ವರ್ಷ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಅರವತ್ತೆರಡನೆಯ ವಯಸ್ಸಿಗೆ ಸಿಕ್ಕ ಮೊದಲ ಸಿನಿಮಾ. ಕತೆಯಲ್ಲಿ ದೊಡ್ಡ ಮಗ ಕಾಣೆಯಾಗಿದ್ದಾನೆ. ಮನೆಯವರೆಲ್ಲ ಗೋಳಾಡುತ್ತಾರೆ. ತಾಯಿಯೊಬ್ಬಳು ಮಾತ್ರ ಅಳುವುದಿಲ್ಲ. ರೊಟ್ಟಿ ಬಡಿಯುತ್ತಾಳೆ, ಮಗಳ ಮದುವೆಯ ಅಕ್ಕಿ ಹಸನು ಮಾಡುತ್ತಾಳೆ. ಇಂಟರ್ವಲ್ ಆಯಿತು.

ಈರಣ್ಣ ಸ್ಟ್ಯಾಂಡಿಗೆ ಓಡಿದ. "ತಾಯಿ ಮುಖ ಅಂದ್ರ ಬಂಡೆಗಲ್ಲು! ಮಗ ಕಳದಾನ, ಈಕಿ ಕಣ್ಣಾಗ ಹನಿ ನೀರಿಲ್ಲ. ನಾಟಕ ಬ್ಯಾರೆ, ಸಿನಿಮಾ ಬ್ಯಾರೆ ರುಕ್ಮಾಬಾಯಾರ. ನಟನಾ ಸೊನ್ನಿ!" ನನ್ನ ಮೂಲಕವೇ ಹೇಳಿದ. ನಾನು ಒಂದಕ್ಷರವನ್ನೂ ನುಂಗದೆ ದಾಟಿಸಿದೆ. ಅದೇ ನನ್ನ ಕೆಲಸ.

ಒಂದು ಗಂಟೆಗೆ ಆಟ ಬಿಟ್ಟಿತು. ಜನರ ಅಭಿಪ್ರಾಯ ಕೇಳಲು ಈರಣ್ಣ ನನ್ನನ್ನು ಮುಂದೆ ಚಾಚಿದ. "ಹೆಂಗೈತ್ರಿ ಪಿಚ್ಚರ್?"

ಮೊದಲು ಬಂದವನು ಮೂಗೊರೆಸಿಕೊಳ್ಳುತ್ತ ಪಕ್ಕಕ್ಕೆ ಸರಿದು ಹೋದ. ಎರಡನೆಯವನು "ಈಗ ಬ್ಯಾಡ್ರಿ, ಆಮ್ಯಾಲ ಹೇಳ್ತೀನಿ" ಎಂದ. ಮೂರನೆಯವಳು ಈರಣ್ಣನ ಮುಖವನ್ನೇ ದಿಟ್ಟಿಸಿದಳು. ಇತ್ತ ಮೊಬೈಲು ಟಿಣ್ ಟಿಣ್ ಎನ್ನುತ್ತಲೇ ಇತ್ತು. ಬಂಡೆಗಲ್ಲು ಊರೆಲ್ಲ ಉರುಳುತ್ತಿತ್ತು.

ಆಗ ಟಾಕೀಸಿನ ಮ್ಯಾನೇಜರ್ ಬಂದ. "ಏನ್ ಹೂಗಾರ, ಛಲೋ ಹೊಗಳೀಯಲಾ? ಮ್ಯಾಟಿನಿ ತುಂಬಲಿಲ್ಲಂದ್ರ ನಾಳಿಗೆ ಈ ಪಿಚ್ಚರ್ ಎತ್ತಿ ಬ್ಯಾರೆ ಹಾಕ್ತೀನಿ."

ಮ್ಯಾಟಿನಿಗೆ ರುಕ್ಮಾಬಾಯಿ ಬಂದರು. ಓಣಿಯ ಇಪ್ಪತ್ತು ಹೆಂಗಸರನ್ನು ಕರೆದಿದ್ದರಂತೆ. ಅವರ ಜೊತೆ ಆಟೋದಿಂದ ಇಳಿದವರು ಇಬ್ಬರೇ. ಅವರಲ್ಲೊಬ್ಬಳ ಕೈಯಲ್ಲಿ ಮೊಬೈಲಿತ್ತು, ಮೊಬೈಲಿನಲ್ಲಿ ಈರಣ್ಣನಿದ್ದ. ಓಡಿಹೋಗಲು ಅವನಿಗೆ ದಾರಿ ಇತ್ತು, ಹೋಗಲಿಲ್ಲ.

ರುಕ್ಮಾಬಾಯಿ ನೆಟ್ಟಗೆ ಬಂದು ಅವನೆದುರು ನಿಂತರು. ಅವನು ಅಭ್ಯಾಸಬಲದಿಂದ ನನ್ನನ್ನು ಚಾಚಿದ. ಅವರು ಎರಡು ಬೆರಳಿನಿಂದ ನನ್ನನ್ನು ಬದಿಗೆ ಸರಿಸಿದರು. ನಾನಿಲ್ಲದೆಯೇ ಅವರ ಮಾತು ರಸ್ತೆಯ ಆಚೆಯ ಚಹದಂಗಡಿಗೆ ಕೇಳಿತು.

"ತಮ್ಮಾ, ನಿಮ್ಮವ್ವ ಅಳೂದು ನೀ ನೋಡೀಯೇನು?"

"ಇಲ್ರಿ ಯಕ್ಕಾ."

"ಹಂಗಂದ್ರ ಆಕಿ ಅತ್ತೇ ಇಲ್ಲೇನು?"

ಈರಣ್ಣ ನನ್ನನ್ನು ಚೀಲಕ್ಕೆ ಸೇರಿಸಿದ.

"ಇಂಟರ್ವಲ್ ಆದ ಮ್ಯಾಲೆ ಎಲ್ಲಿದ್ದಿ?"

"ಇಲ್ಲೇ... ಸೈಕಲ್ ಸ್ಟ್ಯಾಂಡಿನಾಗ್ರಿ."

"ಬಾ. ನನ್ನ ಬಾಜೂಕ ಕೂಡು. ಎದ್ದೀ ಅಂದ್ರ ನೋಡು ಮತ್ತ."

ಅರ್ಧಕ್ಕರ್ಧ ಖಾಲಿ ಬಿದ್ದಿದ್ದ ಟಾಕೀಸಿನಲ್ಲಿ ಚೀಲದೊಳಗಿಂದಲೇ ನಾನು ಮೊದಲ ಬಾರಿಗೆ ಒಂದು ಸಿನಿಮಾದ ಎರಡನೆಯ ಅರ್ಧ ಕೇಳಿದೆ. ಮಗ ಸತ್ತ ಸುದ್ದಿ ಮೊದಲ ದಿನವೇ ಬಂದಿತ್ತು. ತಿಳಿದವಳು ತಾಯಿಯೊಬ್ಬಳೇ. ಮಗಳ ಮದುವೆ ನಿಲ್ಲಬಾರದೆಂದು ಹನ್ನೊಂದು ದಿನ ಅದನ್ನು ಎದೆಯಲ್ಲಿಟ್ಟುಕೊಂಡು ಓಡಾಡಿದ್ದಳು. ಮಗಳನ್ನು ಕಳಿಸಿ ಒಳಗೆ ಬಂದು, ಹಿಟ್ಟು ನಾದಿ, ರೊಟ್ಟಿ ಬಡಿಯಲು ಕೂತಳು. ಪಟ, ಪಟ, ಪಟ. ಆಮೇಲೆ ಆ ಸದ್ದು ನಿಂತಿತು. ಅಳು ಬರಲಿಲ್ಲ, ಸಂಗೀತವೂ ಬರಲಿಲ್ಲ. ಮೌನವನ್ನು ಹಿಡಿಯಲು ನನ್ನಂಥವರಿಂದ ಆಗದು. ಆದರೂ ಅದು ಕೊನೆಯ ಸಾಲಿನವರೆಗೂ ಮುಟ್ಟಿತು. ಈರಣ್ಣನ ಮೂಗು ಮಾತ್ರ ಎರಡು ಸಲ ಸದ್ದು ಮಾಡಿತು.

ಹೊರಗೆ ಬಂದವನೇ ಹೇಳಿದ: "ನಾ ಅರ್ಧಾ ನೋಡಿ ಮಾತಾಡೀನ್ರಿ. ತಪ್ಪಾಗೇತಿ. ಹೋಗಿ ನೋಡ್ರಿ." ಅವನ ಬದುಕಿನ ಅತಿ ಚಿಕ್ಕ ವಿಮರ್ಶೆ ಅದು. ನೋಡಿದವರು ಮುನ್ನೂರು ಮಂದಿ. ಹಳೆಯದನ್ನು ಅಳಿಸಿದ, ನಿಜ. ಅಷ್ಟರಲ್ಲಿ ಜನ ಅದನ್ನು ಒಬ್ಬರಿಂದೊಬ್ಬರಿಗೆ ಕಳಿಸಿಯಾಗಿತ್ತು. ಮರುದಿನ ಟಾಕೀಸಿಗೆ ಬೇರೆ ಪೋಸ್ಟರ್ ಬಂತು.

ಈಗ ನನ್ನ ತಂತಿ ಹರಿದಿದೆ. ಈರಣ್ಣನ ಮನೆಯ ಕಪಾಟಿನಲ್ಲಿ ಹಳೆಯ ಚಾರ್ಜರುಗಳ ನಡುವೆ ಮಲಗಿದ್ದೇನೆ. ಅವನೀಗ ಸಿನಿಮಾ ಪೂರ್ತಿ ನೋಡಿಯೇ ಮಾತಾಡುತ್ತಾನೆ. ಹಾಗಾಗಿ ಎಲ್ಲರಿಗಿಂತ ಕೊನೆಗೆ ಹೇಳುತ್ತಾನೆ, ಕೇಳುವವರು ಕಡಿಮೆ. ಅದು ಅವನ ಪಾಡು. ನನ್ನದೇ ಬೇರೆ. ಆಡಿದವನು ತಪ್ಪಾಯಿತೆಂದು ಹೇಳಿ ಹಗುರಾಗಬಹುದು, ದಾಟಿಸಿದವನಿಗೆ ಆ ಅನುಕೂಲವಿಲ್ಲ.

ಮೊನ್ನೆ ರುಕ್ಮಾಬಾಯಿ ಮನೆಗೆ ಬಂದಿದ್ದರು. ಆ ಬಂಡೆಗಲ್ಲಿನ ವಿಡಿಯೋ ಈಗಲೂ ಯಾರಾದರೂ ಅವರಿಗೆ ಕಳಿಸುತ್ತಾರಂತೆ. ಈರಣ್ಣ ತಲೆ ತಗ್ಗಿಸಿ, "ಅದನ್ಯಾಕ ನೋಡ್ತೀರಿ ಯಕ್ಕಾ, ತಗದು ಒಗೀರಿ" ಎಂದ.

"ಪ್ರತಿ ಸಲ ಪೂರ್ತಿ ನೋಡ್ತೀನಪಾ, ಅರ್ಧಕ್ಕ ಬಿಡೂದಿಲ್ಲ," ಎಂದರು ರುಕ್ಮಾಬಾಯಿ, ಚಹ ಆರಿಸಿಕೊಳ್ಳುತ್ತ. "ದನಿ ಛಲೋ ಐತಿ ನಿಂದು. ನಟನಾ ಸಾಲದು."