ಮೂರು ಗಂಟೆಯ ಕುಸ್ತಿ, ಆರು ಗಂಟೆಯ ಅಚ್ಚು

ನಮ್ಮ 'ಪಡುಗಾಳಿ' ವಾರಪತ್ರಿಕೆಯಲ್ಲಿ ವಿಮರ್ಶೆಗಳನ್ನು ಯಾರೂ ಬರೆಯುತ್ತಿರಲಿಲ್ಲ. ಬಿಚ್ಚಿ ಕಟ್ಟುತ್ತಿದ್ದೆವು. ಪ್ರೆಸ್ಸಿನ ಕಪಾಟಿನಲ್ಲಿ ಸೀಸದ ಅಚ್ಚುಮೊಳೆಗಳನ್ನು ಜೋಡಿಸಿ, ಸುತ್ತಲೂ ದಾರ ಬಿಗಿದ ಒಂದು ವಿಮರ್ಶೆ ಸದಾ ತಯಾರಾಗಿ ಕೂತಿರುತ್ತಿತ್ತು. "ಕಾರ್ಯಕ್ರಮವು ವಿಜೃಂಭಣೆಯಿಂದ ಜರಗಿತು. ಹಾಡುಗಾರಿಕೆ ಇಂಪಾಗಿತ್ತು. ವೇಷಭೂಷಣ ಕಣ್ಮನ ಸೆಳೆಯಿತು. ಪಾತ್ರಧಾರಿಗಳೆಲ್ಲರೂ ಪ್ರೇಕ್ಷಕರ ಮನಸೂರೆಗೊಂಡರು." ನಾಟಕವಿರಲಿ, ಯಕ್ಷಗಾನವಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ದಾರ ಬಿಚ್ಚಿ ಊರು, ತಾರೀಕು, ಹೆಸರು ಬದಲಾಯಿಸಿದರೆ ಮುಗಿಯಿತು.

ಪತ್ರಿಕೆ ಶುಕ್ರವಾರ ಸಂಜೆ ಆರಕ್ಕೆ ಅಚ್ಚಿಗೆ ಹೋಗುತ್ತಿತ್ತು. ನಾಟಕಗಳೋ ಶನಿವಾರ. ಹಾಗಾಗಿ ನಮ್ಮ ಓದುಗರು ಬೆಳಿಗ್ಗೆ ವಿಮರ್ಶೆ ಓದಿ ಸಂಜೆ ನಾಟಕಕ್ಕೆ ಹೋಗುತ್ತಿದ್ದರು. ಒಮ್ಮೆ ಕಾಪುವಿನಲ್ಲಿ ಗಾಳಿಮಳೆಗೆ ಚಪ್ಪರವೇ ಹಾರಿಹೋಗಿ ನಾಟಕ ನಡೆಯಲೇ ಇಲ್ಲ. ನಮ್ಮಲ್ಲಿ ಅದು ವಿಜೃಂಭಣೆಯಿಂದ ಜರಗಿತ್ತು. ಯಾರೂ ದೂರು ಹೇಳಲಿಲ್ಲ. ನಾಟಕದವರು ಆ ಪುಟಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದರಂತೆ.

ಹೀಗೆ ಬಿಚ್ಚಿ ಕಟ್ಟುತ್ತಿದ್ದವಳು ನಾನು, ಇಮೆಲ್ಡಾ. ಕಾಪುವಿನಿಂದ ದಿನಾ ಬಸ್ಸಿನಲ್ಲಿ ಉಡುಪಿಗೆ ಬಂದು ಮೊಳೆ ಜೋಡಿಸುವ ಕೆಲಸ. ಮದುಮಕ್ಕಳ ಹೆಸರು, ಸತ್ತವರ ಹೆಸರು, ಬಾಲಯೇಸುವಿನ ಉಪಕಾರ ಸ್ಮರಿಸಿ ಪ್ರಕಟಣೆ ಕೊಡುವವರ ಹೆಸರು, ಹಸು ಕಳೆದುಕೊಂಡವನ ಹೆಸರು, ಎಲ್ಲವೂ ನನ್ನ ಬೆರಳುಗಳಿಂದಲೇ ಆಗಬೇಕು. ಐದು ವರ್ಷದಲ್ಲಿ ನನ್ನ ಹೆಸರು ಮಾತ್ರ ಒಂದು ಸಲವೂ ಅಚ್ಚಾಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಅದನ್ನು ಒಮ್ಮೆ ನೋಡಬೇಕೆಂದು ನನಗೆ ತುಂಬಾ ಆಸೆಯಿತ್ತು. ಹೊಟ್ಟೆಕಿಚ್ಚೂ ಇತ್ತು. ಹಸು ಕಳೆದುಕೊಂಡವನ ಮೇಲೂ ಇತ್ತು.

೧೯೬೪ರ ಜನವರಿಯಲ್ಲಿ ಒಂದು ಗುರುವಾರ ಮರದ ವ್ಯಾಪಾರಿ ಅಬ್ಬಾಸ್ ಬ್ಯಾರಿಗಳು ಕೈಯಲ್ಲಿ ನೋಟೀಸು ಹಿಡಿದು ಬಂದರು. ಬೊಂಬಾಯಿಯಿಂದ ಕೊಲಂಬೊಗೆ ಹೊರಟಿದ್ದ ಜಪಾನಿ ಹೆಂಗಸರ ಕುಸ್ತಿ ತಂಡವೊಂದನ್ನು ಅವರು ಹೇಗೋ ನಮ್ಮ ಕಡೆಗೆ ತಿರುಗಿಸಿದ್ದರು. ನಾಳೆ ಉಡುಪಿಯಲ್ಲಿ, ನಾಡಿದ್ದು ಕಾರ್ಕಳದಲ್ಲಿ. ನೋಟೀಸಿನಲ್ಲಿ 'ಜಪಾನಿನ ಹೆಣ್ಣುಹುಲಿ ಕಿಮಿ' ಎಂದು ದೊಡ್ಡ ಅಕ್ಷರದಲ್ಲಿತ್ತು. ಅದರ ಕೆಳಗೆ 'ಮತ್ತು ಇತರರು'.

"ಆಟ ಮೂರು ಗಂಟೆಗೆ. ಹಗಲಿನಲ್ಲಾದರೆ ಯಾರೂ ತಪ್ಪು ತಿಳಿಯುವುದಿಲ್ಲ" ಎಂದರು ಅಬ್ಬಾಸ್ ಬ್ಯಾರಿಗಳು. "ಗೆಲ್ಲುವುದು ಕಿಮಿ. ಈಗಲೇ ಬರೆದುಕೊಳ್ಳಿ."

"ಈಗಲೇ ಹೇಗೆ ಗೊತ್ತು?" ಎಂದು ನಾನು ಕೇಳಿದೆ.

"ದಿನಾ ಅವಳೇ ಗೆಲ್ಲುವುದು ಮಾರಾಯ್ತಿ. ನೋಟೀಸಿನಲ್ಲಿ ಅವಳ ಚಿತ್ರ ಉಂಟಲ್ಲ!"

ನಮ್ಮ ಸಂಪಾದಕರು ಪಾಸ್ಕಲ್ ಬಾಬ್. ಒಳ್ಳೆಯವರು, ಆದರೆ ನಶ್ಯದ ಡಬ್ಬಿ ಎತ್ತುವುದಕ್ಕಿಂತ ಭಾರದ ಕೆಲಸ ಅವರಿಗೆ ಆಗದು. ಅಬ್ಬಾಸ್ ಬ್ಯಾರಿಗಳು ಹೋದ ಮೇಲೆ ನನ್ನ ಕಡೆ ತಿರುಗಿ, "ಆ ಕಟ್ಟು ಬಿಚ್ಚು" ಎಂದರು.

"ಬಾಬ್, ಅದರಲ್ಲಿ ಹಾಡುಗಾರಿಕೆ ಇಂಪಾಗಿತ್ತು ಅಂತ ಉಂಟು. ಇದು ಕುಸ್ತಿ!"

"ಆ ಸಾಲು ತೆಗೆ."

"ವೇಷಭೂಷಣ?"

ಬಾಬ್ ನೋಟೀಸಿನ ಮೇಲಿದ್ದ ಕಿಮಿಯ ಗಿಡ್ಡ ಉಡುಪನ್ನು ನೋಡಿ ಕೆಮ್ಮಿದರು. "ಅದೂ ಬೇಡ."

"ಹಾಗಾದರೆ ಉಳಿಯುವುದು ಎಂತ? ನೀವೇ ಹೋಗಿ ನೋಡಿ ಬರೆಯಿರಿ."

"ನಾನಾ? ಆದಿತ್ಯವಾರ ಇಗರ್ಜಿಯಲ್ಲಿ ಪಾದ್ರಿಗಳ ಮುಖ ನೋಡುವುದು ಬೇಡವಾ ನನಗೆ?"

"ಹೆಂಗಸಿಗೆ ಹೆಂಗಸರನ್ನು ನೋಡಲು ಪಾದ್ರಿಗಳ ಅಪ್ಪಣೆ ಬೇಡ" ಎಂದೆ. ನನ್ನ ಬಾಯಿಗೆ ಬೀಗ ಇಲ್ಲವೆಂದು ಮನೆಯಲ್ಲೂ ಹೇಳುತ್ತಾರೆ. "ನಾನು ಹೋಗುತ್ತೇನೆ. ಆದರೆ ಕೆಳಗೆ ನನ್ನ ಹೆಸರು ಹಾಕಬೇಕು."

ಬಾಬ್ ಎರಡು ಚಿಟಿಕೆ ನಶ್ಯದಷ್ಟು ಹೊತ್ತು ಯೋಚಿಸಿದರು. ಕೊನೆಗೆ ಒಪ್ಪಂದವಾಯಿತು. ಮೂರನೆಯ ಪುಟದಲ್ಲಿ ಸೋಡಾ ಜಾಹೀರಾತಿಗೂ ತೀರಿಹೋದವರ ವರ್ಷಾಂತಿಕದ ಪ್ರಕಟಣೆಗೂ ನಡುವೆ ಇಪ್ಪತ್ತಾರು ಸಾಲಿನ ಜಾಗ. ಆರು ಗಂಟೆಯೊಳಗೆ ಅಷ್ಟರಲ್ಲಿ ಕೂರಿಸಿದರೆ ನನ್ನ ಹೆಸರು ಸಮೇತ ಅಚ್ಚು. ತಡವಾದರೆ ಹಳೆಯ ಕಟ್ಟೇ ಗತಿ. ಅವತ್ತು ಮನೆಗೆ ಹೋಗುವ ಬಸ್ಸಿನಲ್ಲಿ ನನ್ನ ಹೆಸರಿಗೆ ಎಷ್ಟು ಮೊಳೆ ಬೇಕೆಂದು ಬೆರಳಿನಲ್ಲೇ ಲೆಕ್ಕ ಹಾಕಿದೆ.

ಮರುದಿನ ಮೈದಾನದಲ್ಲಿ ತೆಂಗಿನ ಮಡಲಿನ ತಟ್ಟಿ ಕಟ್ಟಿ, ನಡುವೆ ಬೈಹುಲ್ಲಿನ ಗೋಣಿ ಹಾಸಿ ಟಾರ್ಪಾಲು ಎಳೆದು ಅಂಕಣ ಮಾಡಿದ್ದರು. ಕುಸ್ತಿಯವರ ಸ್ವಂತ ಹಗ್ಗ ಯಾವುದೋ ಲಾರಿಯಲ್ಲಿ ಉಳಿದುಹೋಗಿ, ಅಬ್ಬಾಸ್ ಬ್ಯಾರಿಗಳು ಮಲ್ಪೆಯ ದೋಣಿಯ ಹಳೆಯ ಹುರಿಹಗ್ಗವನ್ನು ತರಿಸಿ ನಾಲ್ಕು ಕಂಬಕ್ಕೆ ಮೂರು ಸುತ್ತು ಕಟ್ಟಿಸಿದ್ದರು. ಮಣಿಪಾಲದಿಂದ ಮೆಡಿಕಲ್ ಕಾಲೇಜಿನ ಹುಡುಗರು ಮುಂದಿನ ಬೆಂಚುಗಳನ್ನೆಲ್ಲ ಹಿಡಿದು ಆಗಲೇ ಸಿಳ್ಳೆ ಹಾಕುತ್ತಿದ್ದರು. ಹೆಂಗಸರ ಕಡೆ ಹತ್ತು ಹನ್ನೆರಡು ಜನ ಇದ್ದಿರಬಹುದು. ನನ್ನ ಪಕ್ಕ ಕೂತವಳು ಉಚ್ಚಿಲದ ಅಪ್ಪಿ, ಮೀನು ಮಾರಿ ಖಾಲಿ ಬುಟ್ಟಿಯೊಂದಿಗೆ ನೇರ ಬಂದವಳು.

ನಾಲ್ವರು ಹೆಂಗಸರೂ ಬಿಳಿ ಅಂಗಿಯ ರೆಫ್ರಿಯೂ ಬಂದು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಅಪ್ಪಿ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಪಾಪ, ಉಳಿದ ಬಟ್ಟೆಯೂ ಲಾರಿಯಲ್ಲೇ ಉಳಿಯಿತಾ ಬಾಯಮ್ಮ?"

ನಾನು ನಕ್ಕು ನಕ್ಕು ಪೆನ್ಸಿಲು ಬೀಳಿಸಿದೆ.

ಮೊದಲ ಜೋಡಿಯ ಆಟ ಬೇಗ ಮುಗಿಯಿತು. ಕೂದಲು ಹಿಡಿದದ್ದು, ಕಿರುಚಿದ್ದು, ಒಬ್ಬಳು ರೆಫ್ರಿಯ ಮೇಲೇ ಕೂತದ್ದು, ಎಲ್ಲಾ ಸೊಗಸಾಗಿತ್ತು. ಆಮೇಲೆ ಕಿಮಿ ಬಂದಳು. ಇಪ್ಪತ್ತರ ಹುಡುಗಿ, ಕೆಂಪು ಉಡುಪು, ನೋಟೀಸಿನಲ್ಲಿದ್ದದ್ದಕ್ಕಿಂತ ಚೆಂದ. ಅವಳ ಎದುರಾಳಿಗೆ ನಲ್ವತ್ತರ ಹತ್ತಿರ ಇರಬಹುದು. ಗಿಡ್ಡ ಆಳು, ಮೊಣಕಾಲಿಗೆ ಬಟ್ಟೆ ಸುತ್ತಿದ್ದಳು. 'ಇತರರು' ಅಂದರೆ ಇವಳೇ ಎಂದುಕೊಂಡೆ.

ಕಿಮಿ ಅವಳನ್ನು ಎತ್ತಿ ಒಗೆದಳು. ಟಾರ್ಪಾಲು ಧಡ್ ಎಂದಿತು. ಹುಡುಗರು ಕೂಗಿದರು. ಮತ್ತೆ ಒಗೆದಳು, ಮತ್ತೆ ಧಡ್. ನಾನು 'ಕಿಮಿ ಬಲಶಾಲಿ' ಎಂದು ಬರೆದುಕೊಂಡೆ. ಅಪ್ಪಿ ಮಾತ್ರ ಕಿಮಿಯ ಕಡೆ ನೋಡುತ್ತಲೇ ಇರಲಿಲ್ಲ.

"ಬಾಯಮ್ಮ, ಆ ಗಿಡ್ಡದವಳ ಕೈ ನೋಡಿ. ಬೀಳುವ ಮೊದಲು ಹುಡುಗಿಯ ಸೊಂಟ ಹಿಡಿಯುತ್ತಾಳೆ. ಎತ್ತುವುದು ಹುಡುಗಿಯಲ್ಲ, ಇವಳೇ ಹಾರುವುದು."

ನೋಡಿದೆ. ನಿಜ! ಪ್ರತಿ ಸಲವೂ ಹಾರುವವಳು ಅವಳೇ. ಬೀಳುವಾಗ ಅಂಗೈಯಿಂದ ಟಾರ್ಪಾಲಿಗೆ ಬಡಿದು ಸದ್ದು ಮಾಡುವವಳೂ ಅವಳೇ. ಕಿಮಿಯ ಕಾಲು ತಪ್ಪಿದರೆ ಹೊಡೆಯುವ ಹಾಗೆ ಮಾಡಿ ನೆಟ್ಟಗೆ ನಿಲ್ಲಿಸುತ್ತಿದ್ದಳು. ಆ ಹುಡುಗಿಗೆ ಆಟ ಅಷ್ಟಕ್ಕಷ್ಟೇ. ಆಡಿಸುತ್ತಿದ್ದದ್ದೆಲ್ಲ ಸೋಲುವವಳು. 'ಬಲಶಾಲಿ'ಯನ್ನು ಹೊಡೆದು ಹಾಕಿದೆ.

ಕೊನೆಗೆ ಕಿಮಿ ಮೂಲೆಯ ಕಂಬ ಹಿಡಿದು ಮೇಲಿನ ಹಗ್ಗ ಹತ್ತಿದಳು. ಅಲ್ಲಿಂದ ಹಾರಿ, ಕೆಳಗೆ ಬಿದ್ದವಳ ಮೇಲೆ ಬೀಳಬೇಕು. ದಿನಾ ಆಟ ಮುಗಿಯುವುದೇ ಹಾಗಂತೆ.

"ಆ ಹಗ್ಗ ಸತ್ತುಹೋಗಿದೆ" ಎಂದಳು ಅಪ್ಪಿ, ಎದ್ದು ನಿಂತು. "ಹೇ! ಇಳಿಯಲಿಕ್ಕೆ ಹೇಳಿ ಅವಳಿಗೆ!"

ಆ ಗಲಾಟೆಯಲ್ಲಿ ಯಾರಿಗೆ ಕೇಳಬೇಕು? ಕೇಳಿದರೂ ಕಿಮಿಗೆ ಅಪ್ಪಿಯ ತುಳು ಎಲ್ಲಿ ಗೊತ್ತು? ಹಗ್ಗ ಪಟ್ಟನೆ ಹರಿಯಿತು. ಕಿಮಿ ಹಾರುವ ಬದಲು ತಲೆ ಕೆಳಗಾಗಿ, ಟಾರ್ಪಾಲಿನ ಆಚೆಯ ಬರಿ ನೆಲದ ಕಡೆ ಉರುಳಿದಳು. ಅಷ್ಟರಲ್ಲಿ ಮಲಗಿದ್ದ ಹೆಂಗಸು ಎದ್ದದ್ದು ಯಾವಾಗ, ಓಡಿದ್ದು ಯಾವಾಗ, ನನಗೆ ಇವತ್ತಿಗೂ ತಿಳಿಯದು. ಹುಡುಗಿಯ ತಲೆಯನ್ನು ಎದೆಗೆ ಒತ್ತಿಕೊಂಡು, ತಾನು ಅಡಿಯಾಗಿ, ಎಡ ಭುಜದ ಮೇಲೆ ಅಂಕಣದ ಅಂಚಿಗೆ ಬಿದ್ದಳು. ಈ ಸಲ ಧಡ್ ಎಂಬ ಸದ್ದು ಬರಲಿಲ್ಲ, ಬೇರೆಯೇ ಒಂದು ಸಣ್ಣ ಸದ್ದು ಬಂತು.

ಕಿಮಿಯ ಮುಖ ಬಿಳಿಚಿಹೋಗಿತ್ತು. ಏಳಲು ಹೊರಟಳು. ಕೆಳಗಿದ್ದವಳು ಬಲಗೈಯಿಂದ ಅವಳನ್ನು ಗಟ್ಟಿಯಾಗಿ ಹಿಡಿದು, ಕಿವಿಯಲ್ಲಿ ಏನೋ ಹೇಳಿ, ತನ್ನ ಮೇಲೆಯೇ ಒತ್ತಿ ಇಟ್ಟುಕೊಂಡಳು. ರೆಫ್ರಿ ಬಂದು ನೆಲ ಬಡಿದು ಎಣಿಸಿದ. ಒಂದು, ಎರಡು, ಮೂರು. ಅಷ್ಟರೊಳಗೆ ಅಡಿಯವಳು ಏಳದಿದ್ದರೆ ಮೇಲಿನವಳ ಗೆಲುವು. ಕಿಮಿ ಗೆದ್ದಳು. ಮಣಿಪಾಲದ ಹುಡುಗರು ಟೊಪ್ಪಿ ಹಾರಿಸಿದರು.

"ಸೋತಳು ಅಂತ ಕೂಗುತ್ತಾರಲ್ಲ, ಕಣ್ಣು ಕುರುಡಾ ಇವರಿಗೆ?" ಎಂದು ಅಪ್ಪಿ ಬುಟ್ಟಿ ಎತ್ತಿಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು.

ಜನ ಕರಗಿದ ಮೇಲೆ ತಟ್ಟಿಯ ಹಿಂದೆ ಹೋದೆ. ಆ ಹೆಂಗಸು ಪೆಟ್ಟಿಗೆಯ ಮೇಲೆ ಕೂತಿದ್ದಳು. ಕಾಲೇಜಿನ ಹುಡುಗನೊಬ್ಬ ಭುಜ ಮುಟ್ಟಿ ನೋಡುತ್ತಿದ್ದ. ಕಿಮಿ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬಿಕ್ಕುತ್ತಿದ್ದಳು. ನಾನು ನನ್ನ ಎದೆ ಮುಟ್ಟಿ "ಇಮೆಲ್ಡಾ" ಎಂದು, ಅವಳ ಕಡೆ ಬೆರಳು ಮಾಡಿದೆ. ಅವಳು ತನ್ನ ಹಿಂದೆ ಯಾರಾದರೂ ಇದ್ದಾರೋ ಎಂದು ತಿರುಗಿ ನೋಡಿದಳು. ಆಮೇಲೆ, "ಸಚಿಕೊ" ಎಂದಳು.

ಪ್ರೆಸ್ಸಿಗೆ ಬಂದಾಗ ಐದಕ್ಕೆ ಹತ್ತು ನಿಮಿಷ. ಬರೆಯಲು ಕೂತರೆ ಜೋಡಿಸಲು ಹೊತ್ತು ಎಲ್ಲಿ? ಕಾಗದವಿಲ್ಲದೆ ನೇರ ಮೊಳೆಯಲ್ಲೇ ಬರೆದೆ. ಬೆರಳು ಒಂದೊಂದೇ ಅಕ್ಷರ ಹೆಕ್ಕುವಷ್ಟರಲ್ಲಿ ಮುಂದಿನ ಮಾತು ತಾನಾಗಿ ಬರುತ್ತಿತ್ತು. ಬಾಬ್ ಬಂದು ಹೆಗಲ ಮೇಲಿಂದ ಇಣುಕಿದರು. "ಯಾರು ಗೆದ್ದದ್ದು?"

"ಕಿಮಿ."

"ಅಬ್ಬಾಸ್ ಹೇಳಿದ್ದೂ ಅದನ್ನೇ ಅಲ್ವಾ! ಹಳೆಯ ಕಟ್ಟೇ ಸಾಕಿತ್ತು" ಎಂದು ಹೋದರು. ನನಗೆ ಮೈಯೆಲ್ಲ ಉರಿಯಿತು.

ಮುಗಿಸಿದಾಗ ಮೂವತ್ತೇಳು ಸಾಲು. ಜಾಗ ಇಪ್ಪತ್ತಾರು. ಸಿಳ್ಳೆಯ ಸಾಲು ತೆಗೆದೆ. ರೆಫ್ರಿಯ ಮೇಲೆ ಕೂತದ್ದನ್ನು ಮನಸ್ಸಿಲ್ಲದೆ ತೆಗೆದೆ. ಮೊದಲ ಜೋಡಿಯನ್ನೇ ತೆಗೆದೆ. ಅಬ್ಬಾಸ್ ಬ್ಯಾರಿಗಳಿಗೆ ಸಲ್ಲಿಸಿದ ಕೃತಜ್ಞತೆಯನ್ನು ಮಾತ್ರ ಖುಷಿಯಿಂದಲೇ ತೆಗೆದೆ. ಮೆಷಿನ್ ನಡೆಸುವ ಕೂಸಪ್ಪಣ್ಣ ಶಾಯಿ ಉರುಳೆ ಒರೆಸಿ ಮುಗಿಸಿ, ಬಾಗಿಲಲ್ಲಿ ನಿಂತು ಗಡಿಯಾರ ನೋಡಿದರು.

"ಇಮೆಲ್ಡಾ ಬಾಯಿ, ಇನ್ನೂ ಎಂತ ಉಂಟು?"

"ಎರಡು ಸಾಲು ಹೆಚ್ಚು ಕೂಸಪ್ಪಣ್ಣ."

ಬಾಬ್ ಬಂದು ಮೊಳೆಗಳನ್ನು ಓದಿದರು. ಉಲ್ಟಾ ಅಕ್ಷರ ಓದುವುದರಲ್ಲಿ ಅವರು ನಿಸ್ಸೀಮರು. ಕಡೆಯ ಎರಡು ಸಾಲಿನ ಮೇಲೆ ಬೆರಳಿಟ್ಟರು. "ಇದನ್ನು ತೆಗೆ. ಸೋತವಳ ಹೆಸರು ಯಾರಿಗೆ ಬೇಕು? ನೋಟೀಸಿನಲ್ಲೇ ಇಲ್ಲ."

ಆ ಎರಡು ಸಾಲು ಇಷ್ಟೇ: 'ಗೆದ್ದದ್ದು ಕಿಮಿ. ಗೆಲ್ಲುವವಳು ನೆಲಕ್ಕೆ ಬೀಳದಂತೆ ಹಿಡಿದದ್ದು ಸಚಿಕೊ.'

ಉಳಿದದ್ದರಲ್ಲಿ ಯಾವುದನ್ನು ತೆಗೆಯಲಿ? ಮೇಲಿನದು ತೆಗೆದರೆ ಎಲ್ಲಿ ನಡೆದದ್ದೆಂದೇ ತಿಳಿಯದು. ನಡುವಿನದು ತೆಗೆದರೆ ಹಗ್ಗ ಹರಿಯುವುದಿಲ್ಲ. ಇನ್ನು ಎರಡು ಸಾಲಿನ ಜಾಗ ಹಿಡಿದಿದ್ದದ್ದು ಒಂದೇ. ಮೇಲೆ ಒಂದು ಸಾಲು ಖಾಲಿ ಬಿಟ್ಟು, ಕೆಳಗೆ ದಪ್ಪ ಮೊಳೆಯಲ್ಲಿ, ನಾನು ಎಲ್ಲಕ್ಕಿಂತ ಮೊದಲು ಜೋಡಿಸಿ ಇಟ್ಟಿದ್ದ ನನ್ನ ಹೆಸರು.

"ಆರು ಹೊಡೆಯಿತು" ಎಂದರು ಕೂಸಪ್ಪಣ್ಣ ಮೆಲ್ಲಗೆ.

ಚಿಮುಟ ತೆಗೆದುಕೊಂಡು ನನ್ನ ಹೆಸರನ್ನು ಒಂದೊಂದೇ ಮೊಳೆಯಾಗಿ ಕಿತ್ತು, ಅದರದರ ಗೂಡಿಗೆ ಹಾಕಿದೆ. ಬಾಬ್ ನಶ್ಯದ ಡಬ್ಬಿ ಮುಚ್ಚುವುದನ್ನೂ ಮರೆತು ನಿಂತಿದ್ದರು. "ಹುಚ್ಚು ಹುಡುಗಿ" ಎಂದರು. ಮತ್ತೆ ಒಂದು ಸಲ ಓದಿದರು. ಕೂಸಪ್ಪಣ್ಣನಿಗೆ ಕೈಸನ್ನೆ ಮಾಡಿದರು. ಮೆಷಿನ್ ಶುರುವಾಯಿತು. ನಾನು ಹಿತ್ತಿಲ ಬಾವಿಯ ಹತ್ತಿರ ಹೋಗಿ ಮುಖ ತೊಳೆಯುವ ನೆವದಲ್ಲಿ ಚೆನ್ನಾಗಿ ಅತ್ತೆ.

ಶನಿವಾರ ಬೆಳಿಗ್ಗೆ ಪತ್ರಿಕೆ ಹಿಡಿದು ಬಸ್ ಸ್ಟ್ಯಾಂಡಿಗೆ ಓಡಿದೆ. ಕಾರ್ಕಳದ ಬಸ್ಸಿನ ಮೇಲೆ ಪೆಟ್ಟಿಗೆಗಳನ್ನು ಏರಿಸುತ್ತಿದ್ದರು. ಸಚಿಕೊ ಕಿಟಕಿಯ ಪಕ್ಕ ಕೂತಿದ್ದಳು, ಎಡಗೈಯನ್ನು ಟವೆಲಿನಲ್ಲಿ ಕುತ್ತಿಗೆಗೆ ಕಟ್ಟಿಕೊಂಡು. ಕಿಮಿ ಅವಳಿಗೆ ಕಿತ್ತಳೆ ಸುಲಿದು ಕೊಡುತ್ತಿದ್ದಳು. ನಾನು ಮೂರನೆಯ ಪುಟ ಬಿಡಿಸಿ ಕಿಟಕಿಯಿಂದ ಒಳಗೆ ಚಾಚಿ, ಕೊನೆಯ ಪದದ ಮೇಲೆ ಬೆರಳಿಟ್ಟು, "ಸಚಿಕೊ" ಎಂದೆ.

ಅವಳು ಆ ಮೂರು ಅಕ್ಷರಗಳನ್ನು ತುಂಬಾ ಹೊತ್ತು ನೋಡಿದಳು. ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. ಡ್ರೈವರ್ ಹಾರ್ನ್ ಹೊಡೆದ. ಆಗ ಅವಳು ತಟ್ಟನೆ ತಲೆಯೆತ್ತಿ, "ಇಮೆಲ್ಡಾ?" ಎಂದು ಕೇಳಿ, ಪುಟದ ಮೇಲೆ ಅಲ್ಲಿ ಇಲ್ಲಿ ಬೆರಳಾಡಿಸಿ ಹುಡುಕಿದಳು. ನನ್ನ ಹೆಸರು ಎಲ್ಲಿ ಎಂದು ಅವಳ ಪ್ರಶ್ನೆ.

ಬಸ್ಸು ಹೊರಡುತ್ತಿತ್ತು. ನಾನು ಜೊತೆಗೇ ನಾಲ್ಕು ಹೆಜ್ಜೆ ಓಡಿ, ಅಂಗೈಯನ್ನು ಅಗಲ ಮಾಡಿ, ಇಪ್ಪತ್ತಾರು ಸಾಲುಗಳ ಮೇಲೂ ಒಟ್ಟಿಗೆ ಇಟ್ಟು ತೋರಿಸಿದೆ.